ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಎಲ್ಲರಿಗೂ ಅಡ್ಮಿನ್ ಅಧಿಕಾರ ಕೊಡಬೇಕೇ?

ಹೊಂಗಿರಣ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಇರುವುದು ಒಂದೇ ಡೆಸ್ಕ್‌ಟಾಪ್, ಅದರಲ್ಲಿ ಉಬುಂಟು 24.04 ಲಿನಕ್ಸ್ ಇದೆ. ನನಗೆ, ಅಮ್ಮನಿಗೆ, ಹೈಸ್ಕೂಲಿನಲ್ಲಿ ಓದುವ ತಮ್ಮನಿಗೆ ಬೇರೆ ಬೇರೆ ಖಾತೆಗಳಿವೆ. ಇನ್‌ಸ್ಟಾಲ್ ಮಾಡಿದವಳು ನಾನಾದ್ದರಿಂದ ಅಡ್ಮಿನ್ ಅಧಿಕಾರ ನನ್ನ ಖಾತೆಗೆ ಮಾತ್ರ ಇದೆ. ಓದಿಗಾಗಿ ನಾನು ಬೇರೆ ಕಡೆ ಹೋಗಬೇಕಾಗಿದೆ. ಇನ್ನು ಮೇಲೆ ಕೇಳಿದಾಗಲೆಲ್ಲ ಪಾಸ್‌ವರ್ಡ್ ಹಾಕಿಕೊಡಲು ನಾನು ಇರುವುದಿಲ್ಲ.

ಅಮ್ಮನಿಗೆ ಬೇಕಾಗಿರುವುದು ಇಷ್ಟು: ಅಪ್‌ಡೇಟ್ ಬಂದಾಗ ಹಾಕಿಕೊಳ್ಳುವುದು, ಪ್ರಿಂಟರ್ ಕೈಕೊಟ್ಟರೆ ಸರಿಪಡಿಸಿಕೊಳ್ಳುವುದು, ಕಂಪ್ಯೂಟರಿನೊಳಗಿರುವ ಎರಡನೇ ಹಾರ್ಡ್ ಡಿಸ್ಕ್ ತೆರೆಯುವುದು. ಹಳೆಯ ಫೋಟೋಗಳು, ಲೆಕ್ಕಪತ್ರಗಳು ಎಲ್ಲ ಆ ಡಿಸ್ಕಿನಲ್ಲೇ ಇವೆ. ಅದರ ಮೇಲೆ ಕ್ಲಿಕ್ ಮಾಡಿದ ಕೂಡಲೇ ನನ್ನ ಹೆಸರು ತೋರಿಸಿ ಪಾಸ್‌ವರ್ಡ್ ಕೇಳುತ್ತದೆ. ತಮ್ಮ ಮೈಕ್ರೋಕಂಟ್ರೋಲರ್ ಬೋರ್ಡ್ ಜೋಡಿಸಿ ಪ್ರೋಗ್ರಾಂ ಬರೆಯುತ್ತಾನೆ, ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ನಡೆಸುವ ಸಾಧನ) ಕಲಿಯಬೇಕು ಎನ್ನುತ್ತಾನೆ, ಆಟಗಳನ್ನೂ ಹಾಕಿಕೊಳ್ಳುತ್ತಾನೆ. ಇಬ್ಬರನ್ನೂ ಅಡ್ಮಿನ್ ಮಾಡಿಬಿಡಲೇ? ಅಥವಾ ನನ್ನ ಪಾಸ್‌ವರ್ಡನ್ನೇ ಅಮ್ಮನಿಗೆ ಬರೆದುಕೊಟ್ಟು ಹೋಗಲೇ?

ದೂರತೀರ:
ಪಾಸ್‌ವರ್ಡ್ ಬರೆದುಕೊಡುವ ಅಗತ್ಯವೇ ಇಲ್ಲ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಯೂಸರ್ಸ್ ಎಂಬಲ್ಲಿಗೆ ಹೋಗಿ. ಅನ್‌ಲಾಕ್ ಒತ್ತಿ ನಿಮ್ಮ ಪಾಸ್‌ವರ್ಡ್ ಕೊಡಿ. ಅಮ್ಮನ ಖಾತೆಯನ್ನು ಆರಿಸಿದರೆ ಅಡ್ಮಿನಿಸ್ಟ್ರೇಟರ್ ಎಂಬ ಸ್ವಿಚ್ ಕಾಣುತ್ತದೆ, ಅದನ್ನು ಆನ್ ಮಾಡಿ. ಆಮೇಲೆ ಎಲ್ಲ ಕೆಲಸಕ್ಕೂ ಅವರದೇ ಪಾಸ್‌ವರ್ಡ್ ಸಾಕು. ಕೆಡಿಇ ಎಂಬ ಬೇರೆ ಡೆಸ್ಕ್‌ಟಾಪ್ ಬಳಸುವವರಿಗೂ ಸಿಸ್ಟಮ್ ಸೆಟ್ಟಿಂಗ್ಸ್‌ನ ಯೂಸರ್ಸ್ ಪುಟದಲ್ಲಿ ಇದೇ ಆಯ್ಕೆ ಇದೆ. ಮನೆಯವರೇ ತಾನೇ, ನನ್ನ ಪ್ರಕಾರ ಇಷ್ಟು ಸಾಕು.

ಕಪ್ಪುತೆರೆ:
ಹೊಂಗಿರಣ ಅವರೇ, ಆ ಸ್ವಿಚ್ ಹಾಕುವ ಮುನ್ನ ಅದು ಒಳಗೆ ಏನು ಮಾಡುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಉಬುಂಟುವಿನಲ್ಲಿ ಅದು ಆ ಖಾತೆಯನ್ನು ಸುಡೋ ಎಂಬ ಗುಂಪಿಗೆ ಸೇರಿಸುತ್ತದೆ. ಆ ಗುಂಪಿನಲ್ಲಿರುವವರು ತಮ್ಮ ಪಾಸ್‌ವರ್ಡ್ ಕೊಟ್ಟು, ಸುಡೋ ಎಂಬ ಕಮಾಂಡಿನ ಮೂಲಕ ರೂಟ್ (ಯಾವ ತಡೆಯೂ ಇಲ್ಲದ ಮೂಲ ಅಡ್ಮಿನ್ ಖಾತೆ) ಆಗಿ ಯಾವ ಕಮಾಂಡನ್ನಾದರೂ ನಡೆಸಬಹುದು. ಇಲ್ಲಿ ಅರ್ಧ ಅಧಿಕಾರ, ಕಾಲು ಅಧಿಕಾರ ಎಂಬುದಿಲ್ಲ. ಪ್ರಿಂಟರ್ ಸರಿಮಾಡಲೆಂದು ಕೊಟ್ಟ ಅಧಿಕಾರದಿಂದಲೇ ಡಿಸ್ಕನ್ನು ಪೂರ್ತಿ ಅಳಿಸಬಹುದು, ನಿಮ್ಮ ಖಾತೆಯನ್ನೇ ತೆಗೆದುಹಾಕಬಹುದು.

ಮನೆಯ ಸಂದರ್ಭದಲ್ಲಿ ಜನ ಮರೆಯುವ ಇನ್ನೊಂದು ವಿಷಯವಿದೆ. 21.04 ಆವೃತ್ತಿಯಿಂದ ಈಚೆಗೆ ಉಬುಂಟುವಿನಲ್ಲಿ ಹೊಸ ಖಾತೆಗಳ ಹೋಮ್ ಫೋಲ್ಡರಿಗೆ 750 ಅನುಮತಿ ಇರುತ್ತದೆ, ಅಂದರೆ ಒಬ್ಬರ ಫೈಲ್‌ಗಳನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರ ತೆರೆಯಲಾರ. ಅಡ್ಮಿನ್‌ಗೆ ಈ ತಡೆ ಇಲ್ಲ. ತಮ್ಮನನ್ನು ಅಡ್ಮಿನ್ ಮಾಡಿದರೆ ಅಮ್ಮನ ಲೆಕ್ಕಪತ್ರ, ಪತ್ರವ್ಯವಹಾರ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಿರುವ ಫೋಲ್ಡರ್ ಎಲ್ಲವೂ ಅವನ ಕೈಗೆ ಎಟಕುತ್ತವೆ. ಅವನು ನೋಡುತ್ತಾನೆ ಎಂದು ನಾನು ಹೇಳುತ್ತಿಲ್ಲ. ಆ ಬಾಗಿಲು ತೆರೆದಿರುತ್ತದೆ ಎಂಬುದು ಅಮ್ಮನಿಗೂ ಗೊತ್ತಿರಬೇಕು, ಅವರು ಒಪ್ಪಬೇಕು.

ಈಗ ನೀವು ಹೇಳಿದ ಕೆಲಸಗಳನ್ನು ಒಂದೊಂದಾಗಿ ನೋಡೋಣ. ಬಹುಪಾಲಿಗೆ ಅಡ್ಮಿನ್ ಅಧಿಕಾರವೇ ಬೇಡ. (ಕಮಾಂಡ್‌ಗಳನ್ನು ಓದುವಂತೆ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಅವುಗಳ ಮೂಲ ಲಿಪಿಯಲ್ಲೇ ಬರೆಯಿರಿ.)

ಅಪ್‌ಡೇಟ್: ಉಬುಂಟುವಿನಲ್ಲಿ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ವ್ಯವಸ್ಥೆ ಮೊದಲಿನಿಂದಲೇ ಚಾಲೂ ಇರುತ್ತದೆ. ಭದ್ರತೆಗೆ ಸಂಬಂಧಿಸಿದ ಅಪ್‌ಡೇಟ್‌ಗಳನ್ನು ಅದು ಯಾರನ್ನೂ ಕೇಳದೆ ಹಾಕಿಕೊಳ್ಳುತ್ತದೆ. ಉಳಿದ ಅಪ್‌ಡೇಟ್‌ಗಳೂ ತಾವಾಗಿಯೇ ಬರಬೇಕೆಂದರೆ ಸಾಫ್ಟ್‌ವೇರ್ ಹಾಕುವ ಆಪ್ಟ್ ವ್ಯವಸ್ಥೆಯ ಕಾನ್ಫಿಗ್ ಫೋಲ್ಡರಿನಲ್ಲಿ 50 ಎಂದು ಶುರುವಾಗುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಫೈಲ್ ತೆರೆದು, ಅಪ್‌ಡೇಟ್ಸ್ ಎಂದು ಮುಗಿಯುವ ಸಾಲಿನ ಮುಂದಿರುವ ಎರಡು ಓರೆಗೆರೆಗಳನ್ನು ಅಳಿಸಿ. ಅಮ್ಮ ಮಾಡಬೇಕಾದದ್ದು ಆಗಾಗ ರೀಸ್ಟಾರ್ಟ್ ಮಾತ್ರ.

ಎರಡನೇ ಡಿಸ್ಕ್: ಯುಎಸ್‌ಬಿ ಡ್ರೈವ್ ಹಾಕಿದರೆ ಪಾಸ್‌ವರ್ಡ್ ಕೇಳುವುದಿಲ್ಲ, ಒಳಗಿನ ಡಿಸ್ಕಿಗೆ ಕೇಳುತ್ತದೆ, ಗಮನಿಸಿದ್ದೀರಾ? ಒಳಗಿನ ಡಿಸ್ಕ್ ಇಡೀ ಯಂತ್ರಕ್ಕೆ ಸೇರಿದ್ದು ಎಂದು ವ್ಯವಸ್ಥೆ ಭಾವಿಸುತ್ತದೆ. ಇದನ್ನು ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ತೆರೆಯಬೇಕಾದ ಡಿಸ್ಕ್‌ಗಳ ಪಟ್ಟಿ) ಎಂಬ ಫೈಲಿನಲ್ಲಿ ಒಂದು ಸಾಲು ಬರೆದು ಮುಗಿಸಿ. ಕಂಪ್ಯೂಟರ್ ಆನ್ ಆದಾಗಲೇ ಡಿಸ್ಕ್ ತೆರೆದುಕೊಳ್ಳುತ್ತದೆ, ಯಾರನ್ನೂ ಏನನ್ನೂ ಕೇಳುವ ಪ್ರಸಂಗವೇ ಬರುವುದಿಲ್ಲ. ಡಿಸ್ಕನ್ನು ಹೆಸರಿನಿಂದ ಗುರುತಿಸಬೇಡಿ, ಯುಯುಐಡಿ (ಅದರ ವಿಶಿಷ್ಟ ಗುರುತು ಸಂಖ್ಯೆ) ಬಳಸಿ. ನೋಫೇಲ್ ಎಂಬ ಆಯ್ಕೆಯನ್ನೂ ಸೇರಿಸಿ, ಇಲ್ಲವಾದರೆ ಮುಂದೊಂದು ದಿನ ಆ ಡಿಸ್ಕ್ ಕೆಟ್ಟರೆ ಕಂಪ್ಯೂಟರ್ ಬೂಟ್ ಆಗುವುದೇ ನಿಂತುಹೋಗುತ್ತದೆ.

ಪ್ರಿಂಟರ್: ಸೇರಿಸುವ, ತೆಗೆಯುವ ಅಧಿಕಾರಕ್ಕೆ ಉಬುಂಟು ಮತ್ತು ಡೆಬಿಯನ್‌ನಲ್ಲಿ ಎಲ್‌ಪಿಅಡ್ಮಿನ್ ಎಂಬ ಪ್ರತ್ಯೇಕ ಗುಂಪೇ ಇದೆ. ಅಮ್ಮನನ್ನು ಅದಕ್ಕೆ ಸೇರಿಸಿ.

ತಮ್ಮನ ಬೋರ್ಡ್: ಸೀರಿಯಲ್ ಪೋರ್ಟ್ ಬಳಸಲು ಡಯಲ್‌ಔಟ್ ಗುಂಪು ಸಾಕು. ಆಟಗಳಿಗೆ ಫ್ಲ್ಯಾಟ್‌ಪ್ಯಾಕ್ ಎಂಬ, ಪ್ರೋಗ್ರಾಂಗಳನ್ನು ಇನ್‌ಸ್ಟಾಲ್ ಮಾಡುವ ವ್ಯವಸ್ಥೆಯನ್ನು ನೀವೊಮ್ಮೆ ಹಾಕಿಕೊಟ್ಟರೆ, ಆಮೇಲೆ ಅವನು ತನ್ನ ಖಾತೆಗೆ ಮಾತ್ರ ಸೀಮಿತವಾಗಿ, ಯೂಸರ್ ಎಂಬ ಆಯ್ಕೆಯೊಂದಿಗೆ ಎಷ್ಟು ಬೇಕಾದರೂ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದಿಲ್ಲ.

ಉಳಿದದ್ದು ಡಾಕರ್. ಅದರ ಬಗ್ಗೆ ಬಲ್ಲವರು ಬರೆಯಲಿ.

ನೀಲಿಶಾಯಿ:
ಡಾಕರ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಬರಹಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಸುಡೋ ಇಲ್ಲದೆ ಡಾಕರ್ ನಡೆಸಬೇಕೆಂದರೆ ಬಳಕೆದಾರನನ್ನು ಡಾಕರ್ ಗುಂಪಿಗೆ ಸೇರಿಸಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಆ ಗುಂಪಿಗೆ ಸೇರಿಸುವುದೆಂದರೆ ಪಾಸ್‌ವರ್ಡ್ ಕೂಡ ಕೇಳದ ರೂಟ್ ಅಧಿಕಾರ ಕೊಟ್ಟಂತೆಯೇ. ಕಂಟೇನರ್ ಶುರುಮಾಡುವಾಗ ಕಂಪ್ಯೂಟರಿನ ಮೂಲ ಫೋಲ್ಡರನ್ನೇ ಅದರೊಳಗೆ ಜೋಡಿಸಿಕೊಂಡರೆ ಮುಗಿಯಿತು, ಯಾವ ಫೈಲನ್ನಾದರೂ ಓದಬಹುದು, ತಿದ್ದಬಹುದು. ಡಾಕರ್‌ನ ಅಧಿಕೃತ ದಾಖಲೆಯೇ ಈ ಎಚ್ಚರಿಕೆ ಕೊಡುತ್ತದೆ. ಎಲ್‌ಎಕ್ಸ್‌ಡಿ ಎಂಬ ಇನ್ನೊಂದು ಕಂಟೇನರ್ ಸಾಧನದ ಗುಂಪಿನದೂ ಇದೇ ಕಥೆ. ಡಿಸ್ಕ್ ಎಂಬ ಗುಂಪು ಇನ್ನೂ ನೇರ, ಅದರಲ್ಲಿರುವವರು ಡಿಸ್ಕಿನ ಕಚ್ಚಾ ಬೈಟ್‌ಗಳನ್ನೇ ಓದಿ ಬರೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಸ್ವಿಚ್ ಆಫ್ ಇದ್ದ ಮಾತ್ರಕ್ಕೆ ಆ ಖಾತೆ ಸಾಮಾನ್ಯ ಖಾತೆ ಎಂದು ನಂಬಬೇಡಿ. ಐಡಿ ಎಂಬ ಕಮಾಂಡಿನ ಮುಂದೆ ಖಾತೆಯ ಹೆಸರು ಕೊಟ್ಟು, ಯಾವ ಯಾವ ಗುಂಪುಗಳಲ್ಲಿದೆ ಎಂದು ಕಣ್ಣಾರೆ ನೋಡಿ.

ನಿಮ್ಮ ತಮ್ಮನಿಗೆ ಪಾಡ್‌ಮ್ಯಾನ್ ಹಾಕಿಕೊಡಿ. ಅದು ರೂಟ್ ಇಲ್ಲದೆ ಸಾಮಾನ್ಯ ಬಳಕೆದಾರನ ಅಧಿಕಾರದಲ್ಲೇ ಕಂಟೇನರ್ ನಡೆಸುತ್ತದೆ, ಅದರ ಕಮಾಂಡ್‌ಗಳು ಹೆಚ್ಚುಕಡಿಮೆ ಡಾಕರ್‌ನವೇ. ಡಾಕರೇ ಬೇಕೆಂದರೆ ಅದಕ್ಕೂ ರೂಟ್‌ಲೆಸ್ ವಿಧಾನವಿದೆ. ಕಲಿಯುವ ಹುಡುಗನಿಗೆ ಇದರಿಂದ ನಷ್ಟವೇನಿಲ್ಲ.

ಇನ್ನು ಅಮ್ಮನ ವಿಷಯ. ದಿನನಿತ್ಯದ ಖಾತೆಯನ್ನು ಅಡ್ಮಿನ್ ಮಾಡುವ ಬದಲು, ಅಡ್ಮಿನ್ ಕೆಲಸಕ್ಕೆಂದೇ ಮೂರನೆಯವರಾರೂ ಬಳಸದ ಒಂದು ಖಾತೆ ಮಾಡಿ. ಅಮ್ಮ ಎಂದಿನಂತೆ ತಮ್ಮ ಸಾಮಾನ್ಯ ಖಾತೆಯಲ್ಲೇ ಇರುತ್ತಾರೆ. ಅಡ್ಮಿನ್ ಅನುಮತಿ ಬೇಕಾದಾಗ ಬರುವ ಪುಟ್ಟ ಕಿಟಕಿಯಲ್ಲಿ ಅಡ್ಮಿನ್ ಖಾತೆಯ ಹೆಸರು ಕಾಣುತ್ತದೆ, ಅದರ ಪಾಸ್‌ವರ್ಡ್ ಕೊಟ್ಟರೆ ಆಯಿತು. ಲಾಗೌಟ್ ಆಗುವ ಗೋಜಿಲ್ಲ.

ದೂರತೀರ:
ನೀಲಿಶಾಯಿ ಅವರೇ, ಡಾಕರ್ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಪ್ರತ್ಯೇಕ ಅಡ್ಮಿನ್ ಖಾತೆಯಿಂದ ಮನೆಯ ಕಂಪ್ಯೂಟರಿಗೆ ನಿಜವಾಗಿ ಏನು ಲಾಭ? ಅಮ್ಮನ ಖಾತೆಯಲ್ಲಿ ಕೆಟ್ಟ ಪ್ರೋಗ್ರಾಂ ಓಡಿದರೆ ಅದಕ್ಕೆ ರೂಟ್ ಬೇಕಾಗಿಯೇ ಇಲ್ಲ. ಅವರ ಫೋಟೋ, ಅವರ ದಾಖಲೆಗಳು, ಅವರ ಬ್ರೌಸರ್ ಎಲ್ಲವೂ ಅವರದೇ ಅನುಮತಿಯಲ್ಲಿವೆ. ಆಪರೇಟಿಂಗ್ ಸಿಸ್ಟಮನ್ನು ಅರ್ಧ ಗಂಟೆಯಲ್ಲಿ ಮತ್ತೆ ಹಾಕಿಕೊಳ್ಳಬಹುದು, ಕಳೆದುಹೋದ ಫೋಟೋಗಳನ್ನು ತರಲಾಗುವುದಿಲ್ಲ. ಬೆಲೆಬಾಳುವುದನ್ನು ಬಿಟ್ಟು ಬೇರೆಯದಕ್ಕೆ ಬೀಗ ಹಾಕುತ್ತಿದ್ದೇವೆ ಎಂದು ನನಗೆ ಅನಿಸುತ್ತದೆ. ಬ್ಯಾಕಪ್ ಬಗ್ಗೆ ಇಲ್ಲಿ ಯಾರೂ ಇನ್ನೂ ಮಾತಾಡಿಲ್ಲ, ಗಮನಿಸಿ.

ನೀಲಿಶಾಯಿ:
ಬ್ಯಾಕಪ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅವರ ಸ್ವಂತ ಫೈಲ್‌ಗಳಿಗೆ ಪ್ರತ್ಯೇಕ ಖಾತೆಯಿಂದ ರಕ್ಷಣೆ ಇಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಇಲ್ಲಿ ಒಂದು ಯಂತ್ರದಲ್ಲಿ ಮೂವರಿದ್ದಾರೆ. ಒಬ್ಬರ ಖಾತೆಗೆ ತಗುಲಿದ ಕೇಡು ಅಲ್ಲಿಗೇ ನಿಲ್ಲಬೇಕೇ, ಉಳಿದಿಬ್ಬರ ಫೈಲ್‌ಗಳಿಗೂ ಹರಡಬೇಕೇ ಎಂಬುದು ಪ್ರಶ್ನೆ.

ಅಡ್ಮಿನ್ ಆಗಿರುವ ಖಾತೆಯಲ್ಲೇ ದಿನವಿಡೀ ಇದ್ದರೆ ಹೇಗೆ ಮೋಸ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಬ್ಯಾಷ್‌ಆರ್‌ಸಿ ಎಂಬ ಅಡಗಿದ ಫೈಲಿದೆ. ಟರ್ಮಿನಲ್ ತೆರೆದಾಗಲೆಲ್ಲ ಅದು ಓದಲ್ಪಡುತ್ತದೆ, ಅದನ್ನು ತಿದ್ದಲು ನಿಮ್ಮ ಅನುಮತಿಯೇ ಸಾಕು. ಕೆಟ್ಟ ಪ್ರೋಗ್ರಾಂ ಅದರಲ್ಲಿ ಒಂದೇ ಸಾಲು ಸೇರಿಸಿ, ಸುಡೋ ಎಂದು ಟೈಪ್ ಮಾಡಿದಾಗ ನಿಜವಾದ ಸುಡೋ ಬದಲು ತನ್ನದೇ ಸ್ಕ್ರಿಪ್ಟ್ ಓಡುವಂತೆ ಮಾಡಬಹುದು. ಆ ಸ್ಕ್ರಿಪ್ಟ್ ಅದೇ ರೀತಿ ಪಾಸ್‌ವರ್ಡ್ ಕೇಳುತ್ತದೆ, ಬರೆದುಕೊಳ್ಳುತ್ತದೆ, ಆಮೇಲೆ ನಿಜವಾದ ಸುಡೋಗೆ ದಾಟಿಸುತ್ತದೆ. ಪರದೆಯ ಮೇಲೆ ಒಂದಕ್ಷರವೂ ಬೇರೆಯಾಗಿ ಕಾಣುವುದಿಲ್ಲ. ಆ ಕ್ಷಣದಿಂದ ಇಡೀ ಯಂತ್ರ ಅದರದ್ದು. ಅಮ್ಮನ ಸಾಮಾನ್ಯ ಖಾತೆಯಲ್ಲಿ ಟರ್ಮಿನಲ್ಲೂ ತೆರೆಯುವುದಿಲ್ಲ, ಸುಡೋ ಪಾಸ್‌ವರ್ಡೂ ಟೈಪ್ ಆಗುವುದಿಲ್ಲ, ಕದಿಯಲು ಏನೂ ಸಿಗುವುದಿಲ್ಲ. ಇಷ್ಟು ಲಾಭಕ್ಕೆ ಒಂದು ಹೆಚ್ಚುವರಿ ಖಾತೆ ದುಬಾರಿಯಲ್ಲ.

ದೂರತೀರ:
ಮೂವರಿಗೆ ಒಂದೇ ಯಂತ್ರ ಎಂಬುದು ಸರಿಯಾದ ವಾದ. ಒಬ್ಬರೇ ಬಳಸುವ ಲ್ಯಾಪ್‌ಟಾಪಿಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಇಲ್ಲಿ ಪ್ರತ್ಯೇಕ ಖಾತೆಯೇ ಇರಲಿ.

ಹೊಂಗಿರಣ:
ಎಲ್ಲರಿಗೂ ಧನ್ಯವಾದಗಳು. ಎಫ್‌ಎಸ್‌ಟ್ಯಾಬ್ ಸಾಲು ಹಾಕಿದೆ, ಡಿಸ್ಕ್ ಈಗ ತಾನಾಗಿಯೇ ತೆರೆದುಕೊಳ್ಳುತ್ತಿದೆ. ಅಮ್ಮ ಅದೊಂದಕ್ಕೇ ಸಂತೋಷಪಟ್ಟರು. ಪ್ರತ್ಯೇಕ ಅಡ್ಮಿನ್ ಖಾತೆಯನ್ನೂ ಮಾಡಿದೆ. ಮೊದಲು ಸಾಮಾನ್ಯ ಖಾತೆಯಾಗಿ ಮಾಡಿ, ಅದರಲ್ಲಿ ಲಾಗಿನ್ ಆಗಿ ನೋಡಿ, ಆ ಕಿಟಕಿ ತೆರೆದಿರುವಾಗಲೇ ನನ್ನ ಖಾತೆಯಿಂದ ಅದನ್ನು ಸುಡೋ ಗುಂಪಿಗೆ ಸೇರಿಸಿದೆ. ಈಗ ವಿಚಿತ್ರವೊಂದು ಕಾಣುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಅನ್‌ಲಾಕ್ ಒತ್ತಿದರೆ ಹೊಸ ಖಾತೆಯ ಪಾಸ್‌ವರ್ಡನ್ನು ಒಪ್ಪಿಕೊಳ್ಳುತ್ತದೆ, ಟರ್ಮಿನಲ್‌ನಲ್ಲಿ ಮಾತ್ರ ಈ ಬಳಕೆದಾರ ಸುಡೋಯರ್ಸ್ ಫೈಲಿನಲ್ಲಿ ಇಲ್ಲ ಎನ್ನುತ್ತದೆ. ಒಂದೇ ಖಾತೆ, ಎರಡು ಉತ್ತರ. ಹೀಗೇಕೆ?

ಕಪ್ಪುತೆರೆ:
ಏಕೆಂದರೆ ಕೇಳಿದ್ದು ಎರಡು ಬೇರೆ ಬೇರೆ ಕಾವಲುಗಾರರನ್ನು. ಟರ್ಮಿನಲ್‌ನಲ್ಲಿರುವುದು ಸುಡೋ, ಯಾರಿಗೆ ಯಾವ ಅಧಿಕಾರ ಎಂಬ ಅದರ ನಿಯಮಗಳಿರುವುದು ಸುಡೋಯರ್ಸ್ ಫೈಲಿನಲ್ಲಿ. ಸೆಟ್ಟಿಂಗ್ಸ್, ಸಾಫ್ಟ್‌ವೇರ್ ಅಂಗಡಿ, ಡಿಸ್ಕ್ ತೆರೆಯುವ ಕಿಟಕಿ ಇವೆಲ್ಲ ಕೇಳುವುದು ಪಾಲ್‌ಕಿಟ್ ಎಂಬ ಇನ್ನೊಂದು ವ್ಯವಸ್ಥೆಯನ್ನು. ಸುಡೋ ಗುಂಪಿನವರು ಅಡ್ಮಿನ್‌ಗಳು ಎಂಬ ನಿಯಮ ಎರಡರಲ್ಲೂ ಬೇರೆ ಬೇರೆಯಾಗಿ ಬರೆದಿದೆ. ಲಾಗಿನ್ ಆದ ಹೊತ್ತಿನಲ್ಲಿ ನಿಮ್ಮ ಪ್ರೋಸೆಸ್‌ಗಳಿಗೆ (ಓಡುತ್ತಿರುವ ಪ್ರೋಗ್ರಾಂಗಳಿಗೆ) ಯಾವ ಗುಂಪುಗಳ ಪಟ್ಟಿ ಅಂಟಿಕೊಂಡಿತೋ ಸುಡೋ ಸಾಮಾನ್ಯವಾಗಿ ಅದನ್ನೇ ನೋಡುತ್ತದೆ. ಪಾಲ್‌ಕಿಟ್ ಗುಂಪಿನ ಸದಸ್ಯರ ಪಟ್ಟಿಯನ್ನು ಕೇಳಿದ ಕ್ಷಣದಲ್ಲಿ ಹೊಸದಾಗಿ ಓದಿಕೊಳ್ಳುತ್ತದೆ. ಆ ಖಾತೆಯಿಂದ ಪೂರ್ತಿ ಲಾಗೌಟ್ ಆಗಿ ಮತ್ತೆ ಬನ್ನಿ, ಸರಿಹೋಗುತ್ತದೆ. ಲಾಗೌಟ್ ಆದರೂ ಹಿಂದಿನ ಪ್ರೋಸೆಸ್‌ಗಳು ಉಳಿದುಕೊಂಡಿದ್ದರೆ ರೀಸ್ಟಾರ್ಟ್ ಮಾಡಿ. ತಮ್ಮನ ಡಯಲ್‌ಔಟ್ ಗುಂಪಿಗೂ ಇದು ಅನ್ವಯಿಸುತ್ತದೆ. ಬೋರ್ಡ್ ಕೆಲಸ ಮಾಡುತ್ತಿಲ್ಲ ಎಂದು ಜನ ದೂರುವುದರಲ್ಲಿ ಬಹಳಷ್ಟು ಈ ಲಾಗೌಟ್ ಮಾಡದ ಕಾರಣಕ್ಕೇ.

ಗುಂಪಿಗೆ ಸೇರಿಸಲು ಯಾವ ಕಮಾಂಡ್ ಬಳಸಿದಿರಿ? ಯೂಸರ್‌ಮಾಡ್ ಆಗಿದ್ದರೆ ಒಂದು ಎಚ್ಚರಿಕೆ. ಅದರಲ್ಲಿ ಸಣ್ಣ ಎ ಮತ್ತು ದೊಡ್ಡ ಜಿ ಎರಡೂ ಆಯ್ಕೆಗಳು ಜೊತೆಯಲ್ಲಿರಬೇಕು. ದೊಡ್ಡ ಜಿ ಮಾತ್ರ ಕೊಟ್ಟರೆ ಅರ್ಥವೇ ಬೇರೆ: ಈ ಖಾತೆ ಇನ್ನು ಮುಂದೆ ನಾನು ಹೇಳಿದ ಗುಂಪುಗಳಲ್ಲಿ ಮಾತ್ರ ಇರಲಿ, ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ತೆಗೆದುಹಾಕು ಎಂದು. ಇದ್ದ ಒಬ್ಬನೇ ಅಡ್ಮಿನ್ ತನ್ನನ್ನು ಡಯಲ್‌ಔಟ್‌ಗೆ ಸೇರಿಸಿಕೊಳ್ಳಲು ಹೋಗಿ ಸುಡೋ ಗುಂಪಿನಿಂದ ಹೊರಬೀಳುವುದು ಈ ಒಂದಕ್ಷರದ ಕೊರತೆಯಿಂದ. ಜಿಪಾಸ್‌ಡಬ್ಲ್ಯೂಡಿ ಕಮಾಂಡಿನಲ್ಲಿ ಈ ಅಪಾಯವಿಲ್ಲ. ಸಣ್ಣ ಎ ಕೊಟ್ಟರೆ ಒಂದು ಗುಂಪಿಗೆ ಸೇರಿಸುತ್ತದೆ, ಸಣ್ಣ ಡಿ ಕೊಟ್ಟರೆ ಆ ಒಂದರಿಂದ ತೆಗೆಯುತ್ತದೆ. ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಮುಂಗಾರು:
ಈ ಚರ್ಚೆಯನ್ನು ಬೇರೆ ಡಿಸ್ಟ್ರೋ (ಲಿನಕ್ಸಿನ ಬೇರೆ ಬಗೆ) ಬಳಸುವವರೂ ಓದುತ್ತಾರೆ, ಅವರಿಗಾಗಿ ಎರಡು ಮಾತು. ಫೆಡೋರಾ ಮತ್ತು ಆರ್ಚ್‌ನಲ್ಲಿ ಅಡ್ಮಿನ್ ಗುಂಪಿನ ಹೆಸರು ವೀಲ್. ಆರ್ಚ್‌ನಲ್ಲಿ ಗುಂಪಿಗೆ ಸೇರಿಸಿದರಷ್ಟೇ ಸಾಲದು, ಸುಡೋಯರ್ಸ್ ಫೈಲಿನಲ್ಲಿ ವೀಲ್ ಸಾಲಿನ ಮುಂದಿರುವ ಹ್ಯಾಶ್ ಗುರುತನ್ನು ನಾವೇ ತೆಗೆಯಬೇಕು. ಡೆಬಿಯನ್ ಹಾಕುವಾಗ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ಏನಾದರೂ ಕೊಟ್ಟರೆ ಮೊದಲ ಖಾತೆ ಸುಡೋ ಗುಂಪಿಗೆ ಸೇರುವುದೇ ಇಲ್ಲ. ಖಾಲಿ ಬಿಟ್ಟರೆ ಮಾತ್ರ ರೂಟ್ ಲಾಗಿನ್ ಮುಚ್ಚಿ, ಮೊದಲ ಖಾತೆಗೆ ಸುಡೋ ಕೊಡುತ್ತದೆ. ಡೆಬಿಯನ್‌ನಲ್ಲಿ ಸುಡೋ ಕೆಲಸ ಮಾಡುತ್ತಿಲ್ಲ ಎಂದು ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಪ್ರಿಂಟರಿನ ಎಲ್‌ಪಿಅಡ್ಮಿನ್ ಗುಂಪೂ ಎಲ್ಲ ಕಡೆ ಇರುವುದಿಲ್ಲ, ಫೆಡೋರಾದಲ್ಲಿ ವೀಲ್ ಗುಂಪಿಗೇ ಆ ಅಧಿಕಾರವಿದೆ.

ಅಪ್‌ಡೇಟ್ ಬಗ್ಗೆ ಕಪ್ಪುತೆರೆ ಅವರು ಹೇಳಿದ್ದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಸುಡೋ 1980ರ ಸುಮಾರಿಗೆ ಬಫಲೋದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಹಳೆಯ ಪ್ರೋಗ್ರಾಂ. 2021ರ ಜನವರಿಯಲ್ಲಿ ಅದರಲ್ಲೊಂದು ದೋಷ ಬಯಲಾಯಿತು. ಸುಡೋಯರ್ಸ್ ಫೈಲಿನಲ್ಲಿ ಹೆಸರೇ ಇಲ್ಲದ ಸಾಮಾನ್ಯ ಬಳಕೆದಾರನೂ ಅದರಿಂದ ರೂಟ್ ಆಗಬಹುದಿತ್ತು. ಆ ದೋಷ 2011ರಿಂದ ಅಲ್ಲೇ ಇತ್ತು. ಮರುವರ್ಷ, 2022ರ ಜನವರಿಯಲ್ಲಿ, ಪಾಲ್‌ಕಿಟ್‌ನ ಪಿಕೆಎಕ್ಸೆಕ್‌ನಲ್ಲಿ (ಸುಡೋ ಹಾಗೆ ರೂಟ್ ಆಗಿ ಕಮಾಂಡ್ ನಡೆಸುವ ಪ್ರೋಗ್ರಾಂ) ಅಂಥದ್ದೇ ಇನ್ನೊಂದು ಸಿಕ್ಕಿತು, ಅದು 2009ರಷ್ಟು ಹಳೆಯದು. ಯಾರಿಗೆ ಅಧಿಕಾರ ಕೊಡಬೇಕು ಎಂದು ನಾವು ಎಷ್ಟೇ ಎಚ್ಚರದಿಂದ ಬರೆದರೂ ಕಾಯುವ ಪ್ರೋಗ್ರಾಂ ಹಳೆಯದಾಗಿದ್ದರೆ ಅದಕ್ಕೆ ಬೆಲೆ ಇಲ್ಲ. ಉಬುಂಟು 25.10ರಿಂದ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಸುಡೋ ಬಳಸತೊಡಗಿರುವುದಕ್ಕೆ ಹಿನ್ನೆಲೆಯೂ ಇಂಥ ಮೆಮೊರಿ ದೋಷಗಳೇ.

ಹೊಂಗಿರಣ:
ಲಾಗೌಟ್ ಮಾಡಿದೆ, ಸರಿಹೋಯಿತು. ಗುಂಪಿಗೆ ಸೇರಿಸಿದ್ದು ಸೆಟ್ಟಿಂಗ್ಸ್‌ನಿಂದಲೇ, ಹಾಗಾಗಿ ಯೂಸರ್‌ಮಾಡ್ ತೊಂದರೆ ಆಗಿಲ್ಲ.

ಒಂದು ಕೆಲಸ ಉಳಿದಿದೆ. ನಮ್ಮ ಪ್ರಿಂಟರ್ ಒಮ್ಮೊಮ್ಮೆ ಸುಮ್ಮನೆ ಕುಳಿತುಬಿಡುತ್ತದೆ. ಮುದ್ರಣದ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಓಡುತ್ತದೆ. ಅಮ್ಮನಿಗೆ ಡೆಸ್ಕ್‌ಟಾಪಿನಲ್ಲಿ ಒಂದು ಐಕಾನ್ ಇಟ್ಟು, ಕ್ಲಿಕ್ ಮಾಡಿದರೆ ಆ ಒಂದು ಕಮಾಂಡ್ ಪಾಸ್‌ವರ್ಡ್ ಕೇಳದೆ ನಡೆಯುವಂತೆ ಮಾಡಬಹುದೇ? ಒಂದೇ ಕೆಲಸಕ್ಕೆ ಮಾತ್ರ ಅಧಿಕಾರ.

ಬೆಳ್ಳಿಗೆರೆ:
ಖಂಡಿತ ಮಾಡಬಹುದು, ಸುಡೋ ಇಂಥದ್ದಕ್ಕೆಂದೇ ಇರುವುದು. ಎಲ್ಲವನ್ನೂ ಕೊಡುವ ಸಾಲನ್ನೇ ಎಲ್ಲರೂ ಬಳಸುವುದರಿಂದ ಈ ಸೌಲಭ್ಯ ಮರೆತುಹೋಗಿದೆ.

ಮೊದಲನೆಯದಾಗಿ, ಮೂಲ ಸುಡೋಯರ್ಸ್ ಫೈಲನ್ನು ಮುಟ್ಟಬೇಡಿ. ಸುಡೋಯರ್ಸ್ ಡಾಟ್ ಡಿ ಎಂಬ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಿ, ಅದನ್ನೂ ಸಾಮಾನ್ಯ ಎಡಿಟರಿನಲ್ಲಿ ಅಲ್ಲ, ವಿಸುಡೋ ಎಂಬ ಕಮಾಂಡಿನ ಮೂಲಕ. ಎಫ್ ಎಂಬ ಆಯ್ಕೆ ಕೊಟ್ಟು ಫೈಲಿನ ಹೆಸರು ಬರೆದರೆ ಅದನ್ನೇ ತೆರೆಯುತ್ತದೆ. ಉಳಿಸುವಾಗ ವ್ಯಾಕರಣ ಪರೀಕ್ಷಿಸಿ, ತಪ್ಪಿದ್ದರೆ ಮತ್ತೆ ತಿದ್ದಬೇಕೇ ಎಂದು ಕೇಳುತ್ತದೆ. ತಪ್ಪಿರುವ ಫೈಲ್ ಉಳಿದುಬಿಟ್ಟರೆ ಸುಡೋ ಎಡವುತ್ತದೆ, ಎಷ್ಟೋ ಸಲ ಯಾರಿಗೂ ಕೆಲಸವನ್ನೇ ಮಾಡಿಕೊಡುವುದಿಲ್ಲ.

ಬರೆಯಬೇಕಾದ ಸಾಲಿನಲ್ಲಿ ನಾಲ್ಕು ಭಾಗ: ಅಮ್ಮನ ಖಾತೆಯ ಹೆಸರು, ಆಮೇಲೆ ಎಲ್ಲ ಯಂತ್ರಗಳಲ್ಲಿ ಎನ್ನುವ ಆಲ್, ಸಮ ಚಿಹ್ನೆ ಮತ್ತು ಆವರಣದೊಳಗೆ ರೂಟ್, ನಂತರ ಪಾಸ್‌ವರ್ಡ್ ಬೇಡ ಎನ್ನುವ ಪದ (ಮೊದಲು ನೋ, ಅದಕ್ಕೆ ಅಂಟಿಕೊಂಡೇ ಪಾಸ್‌ವರ್ಡ್ ಎಂಬ ಪದವನ್ನು ಅದರ ಓ ಮತ್ತು ಆರ್ ಅಕ್ಷರಗಳನ್ನು ಬಿಟ್ಟು, ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆಯಬೇಕು) ಹಾಗೂ ಒಂದು ಕೋಲನ್, ಕೊನೆಗೆ ಕಮಾಂಡ್. ಕಮಾಂಡನ್ನು ಯುಎಸ್‌ಆರ್ ಬಿನ್‌ನಿಂದ ಶುರುವಾಗುವ ಪೂರ್ಣ ದಾರಿಯೊಂದಿಗೆ ಬರೆಯಿರಿ: ಸಿಸ್ಟಮ್‌ಸಿಟಿಎಲ್, ರೀಸ್ಟಾರ್ಟ್, ಕಪ್ಸ್ ಡಾಟ್ ಸರ್ವಿಸ್ (ಕಪ್ಸ್ ಎಂದರೆ ಮುದ್ರಣದ ಸರ್ವಿಸ್). ಇಲ್ಲಿ ಬರೆದ ಆರ್ಗ್ಯುಮೆಂಟ್‌ಗಳು (ಕಮಾಂಡಿನ ಮುಂದಿನ ಪದಗಳು) ಅಕ್ಷರಶಃ ಹೊಂದಬೇಕು. ಕಪ್ಸ್ ಬದಲು ಬೇರೆ ಸರ್ವಿಸ್ ಹೆಸರು ಕೊಟ್ಟರೆ ಸುಡೋ ನಿರಾಕರಿಸುತ್ತದೆ. ನಕ್ಷತ್ರ ಚಿಹ್ನೆಯನ್ನು ಮಾತ್ರ ದಯವಿಟ್ಟು ಬಳಸಬೇಡಿ. ಅದು ಖಾಲಿ ಜಾಗವನ್ನೂ ದಾಟಿ ಹೊಂದುತ್ತದೆ, ನೀವು ಎಣಿಸದ ಕಮಾಂಡ್‌ಗಳೆಲ್ಲ ಒಳಗೆ ಬರುತ್ತವೆ.

ಯಾವ ಕಮಾಂಡಿಗೆ ಹೀಗೆ ಅನುಮತಿ ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂಬುದರಲ್ಲೇ ಈ ವಿದ್ಯೆಯ ಸಾರವಿದೆ. ಒಳಗಿನಿಂದ ಶೆಲ್ (ಯಾವ ಕಮಾಂಡನ್ನಾದರೂ ಟೈಪ್ ಮಾಡಿ ನಡೆಸುವ ಜಾಗ) ತೆರೆಯಬಲ್ಲ ಯಾವ ಪ್ರೋಗ್ರಾಮನ್ನೂ ಕೊಡಬಾರದು. ವಿಮ್ ಎಂಬ ಎಡಿಟರ್ ಕೊಟ್ಟರೆ ಅದರೊಳಗಿಂದ ಶೆಲ್ ತೆರೆಯಬಹುದು. ಫೈಂಡ್, ಟಾರ್, ಪೈಥಾನ್, ಲೆಸ್ ಎಲ್ಲದಕ್ಕೂ ಇಂಥ ದಾರಿಗಳಿವೆ. ರೀಸ್ಟಾರ್ಟ್ ಕೊಟ್ಟೆವಲ್ಲ, ಸ್ಟೇಟಸ್ ನೋಡುವುದರಲ್ಲಿ ಏನು ಅಪಾಯ ಎಂದು ಅನಿಸಬಹುದು. ಸ್ಟೇಟಸ್ ಉದ್ದವಾಗಿದ್ದರೆ ಅದು ಲೆಸ್ ಎಂಬ ಪೇಜರಿನಲ್ಲಿ ತೆರೆಯುತ್ತದೆ. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ 247ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಅಲ್ಲಿ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಎಸ್‌ಎಚ್ ಎಂದರೆ ರೂಟ್ ಶೆಲ್ಲೇ ಸಿಗುತ್ತಿತ್ತು. ನೋಡಲು ಮಾತ್ರ ಎಂದು ಕೊಟ್ಟ ಅನುಮತಿ ಪೂರ್ಣ ಅಧಿಕಾರವಾಗಿಬಿಡುತ್ತಿತ್ತು. ಯಾರಿಗಾದರೂ ಒಂದು ಕಾನ್ಫಿಗ್ ಫೈಲ್ ತಿದ್ದುವ ಅನುಮತಿ ಬೇಕಾದರೆ ಎಡಿಟರನ್ನು ಕೊಡದೆ ಸುಡೋಎಡಿಟ್ ಕೊಡಿ. ಎಡಿಟರ್ ಅವರದೇ ಅಧಿಕಾರದಲ್ಲಿ ಪ್ರತಿಯ ಮೇಲೆ ಕೆಲಸ ಮಾಡುತ್ತದೆ, ಕೊನೆಗೆ ಸುಡೋ ಅದನ್ನು ಮೂಲಕ್ಕೆ ಬರೆಯುತ್ತದೆ.

ಇನ್ನೊಂದು ಮಾತು, ಸುಡೋಯರ್ಸ್‌ನಲ್ಲಿ ಹೊಂದುವ ಸಾಲುಗಳು ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯದು ಗೆಲ್ಲುತ್ತದೆ. ಪಾಸ್‌ವರ್ಡ್ ಬೇಡ ಎಂದು ಬರೆದರೂ ಕೇಳುತ್ತಿದೆ ಎನ್ನುವವರ ಫೈಲ್ ನೋಡಿದರೆ, ಸಾಮಾನ್ಯವಾಗಿ ಆ ಸಾಲಿನ ಕೆಳಗೆ ಗುಂಪಿನ ಸಾಲು ಇರುತ್ತದೆ. ಪಾಲ್‌ಕಿಟ್ ನಿಯಮಗಳಲ್ಲಿ ಇದು ತಿರುವುಮುರುವು. ಅಲ್ಲಿ ಫೈಲ್‌ಗಳನ್ನು ಹೆಸರಿನ ಕ್ರಮದಲ್ಲಿ ಓದಿ, ಮೊದಲು ಉತ್ತರ ಕೊಟ್ಟ ನಿಯಮವೇ ಅಂತಿಮ. ಅದಕ್ಕೇ ಪಾಲ್‌ಕಿಟ್‌ನ ನಿಯಮದ ಫೈಲಿಗೆ 10ರಂಥ ಸಣ್ಣ ಸಂಖ್ಯೆಯಿಂದ ಶುರುವಾಗುವ ಹೆಸರಿಡುವುದು ವಾಡಿಕೆ.

ನೀಲಿಶಾಯಿ:
ಬೆಳ್ಳಿಗೆರೆ ಅವರ ಕೊನೆಯ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಕಿಟಕಿಯಲ್ಲಿ ಪಾಸ್‌ವರ್ಡ್ ಕೇಳುವ ಕೆಲಸಗಳಿಗೆ ಸುಡೋಯರ್ಸ್‌ನಲ್ಲಿ ಎಷ್ಟು ಬರೆದರೂ ಪ್ರಯೋಜನವಿಲ್ಲ, ಪಾಲ್‌ಕಿಟ್‌ಗೆ ಹೇಳಬೇಕು. ಪಿಕೆಆಕ್ಷನ್ ಕಮಾಂಡ್ ಎಲ್ಲ ಕ್ರಿಯೆಗಳ ಹೆಸರನ್ನು ಪಟ್ಟಿಮಾಡುತ್ತದೆ, ವರ್ಬೋಸ್ ಆಯ್ಕೆ ಕೊಟ್ಟರೆ ಯಾವುದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು, ಯಾವುದಕ್ಕೆ ಬೇಡ ಎಂದೂ ತೋರಿಸುತ್ತದೆ. ನಿಯಮವನ್ನು ಜಾವಾಸ್ಕ್ರಿಪ್ಟಿನ ನಾಲ್ಕು ಸಾಲಿನಲ್ಲಿ ಬರೆಯಬಹುದು: ಕ್ರಿಯೆಯ ಹೆಸರು ಇದಾಗಿದ್ದು, ಕೇಳಿದವರು ಈ ಗುಂಪಿನಲ್ಲಿದ್ದರೆ, ಹೌದು ಎಂದು ಹೇಳು. ಉಬುಂಟು 22.04ರಂಥ ಹಳೆಯ ಬಿಡುಗಡೆಗಳಲ್ಲಿ ಪಾಲ್‌ಕಿಟ್ 0.105 ಇರುವುದರಿಂದ ಜಾವಾಸ್ಕ್ರಿಪ್ಟ್ ನಿಯಮಗಳು ಓಡುವುದಿಲ್ಲ. ಹೊಂಗಿರಣ ಅವರ 24.04ರಲ್ಲಿ ಆ ಸಮಸ್ಯೆ ಇಲ್ಲ.

ದೂರತೀರ:
ಹೊರಡುವ ಮುನ್ನ ಇನ್ನೊಂದನ್ನು ಯೋಚಿಸಿ. ನೀವು ದೂರದಲ್ಲಿರುವಾಗ ಸುಡೋ ಕೆಟ್ಟರೆ ಅಮ್ಮ ಏನು ಮಾಡಬೇಕು? ಪಾಲ್‌ಕಿಟ್ ಬೇರೆ ವ್ಯವಸ್ಥೆ ಎಂದು ಮೇಲೆ ಹೇಳಿದರಲ್ಲ, ಅದೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಸುಡೋಯರ್ಸ್ ಫೈಲಿನಲ್ಲಿ ತಪ್ಪಿದ್ದು ಸುಡೋ ನಿರಾಕರಿಸುತ್ತಿದ್ದರೆ, ಡೆಸ್ಕ್‌ಟಾಪಿನ ಟರ್ಮಿನಲ್‌ನಲ್ಲಿ ಪಿಕೆಎಕ್ಸೆಕ್ ಹಿಂದೆ ವಿಸುಡೋ ಎಂದು ಕೊಟ್ಟರೆ ಕಿಟಕಿಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳಿ ಫೈಲ್ ತೆರೆಯುತ್ತದೆ. ಫೋನಿನಲ್ಲಿ ಹೇಳಿಕೊಟ್ಟು ಸರಿಮಾಡಿಸಬಹುದು.

ಅಡ್ಮಿನ್ ಖಾತೆಯೇ ಗುಂಪಿನಿಂದ ಹೊರಬಿದ್ದಿದ್ದರೆ ಬೂಟ್ ಆಗುವಾಗ ಬರುವ ಗ್ರಬ್ ಎಂಬ ಮೆನುವಿನಲ್ಲಿ ಅಡ್ವಾನ್ಸ್‌ಡ್ ಆಯ್ಕೆಗಳಿಗೆ ಹೋಗಿ ರಿಕವರಿ ಮೋಡ್ ಆರಿಸಿ, ರೂಟ್ ಶೆಲ್ ತೆರೆದು, ಮೂಲ ಫೈಲ್‌ಸಿಸ್ಟಮನ್ನು ಬರೆಯುವಂತೆ ರೀಮೌಂಟ್ ಮಾಡಿ, ಗುಂಪಿಗೆ ಮತ್ತೆ ಸೇರಿಸಬೇಕು. ಅಮ್ಮನಿಗೆ ಇದು ಕಷ್ಟ. ಅದಕ್ಕೇ ನಿಮ್ಮ ಖಾತೆಯ ಅಡ್ಮಿನ್ ಅಧಿಕಾರವನ್ನು ತೆಗೆಯಬೇಡಿ, ಹೊಸ ಖಾತೆಯೂ ಇರಲಿ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ಕಪ್ಪುತೆರೆ:
ರಿಕವರಿ ಮೋಡ್ ತಮ್ಮನಿಗೂ ತೆರೆದಿರುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಂಪ್ಯೂಟರಿನ ಮುಂದೆ ಕುಳಿತವನು ಗ್ರಬ್ ಮೂಲಕ ಅಥವಾ ಯುಎಸ್‌ಬಿಯಿಂದ ಬೂಟ್ ಮಾಡಿ ರೂಟ್ ಆಗಬಲ್ಲ. ಅದನ್ನು ನಿಜವಾಗಿ ತಡೆಯುವುದು ಡಿಸ್ಕಿನ ಎನ್‌ಕ್ರಿಪ್ಷನ್ ಮಾತ್ರ, ಆದರೆ ಮೂವರೂ ಆನ್ ಮಾಡುವ ಯಂತ್ರದಲ್ಲಿ ಆ ಪಾಸ್‌ಫ್ರೇಸ್ ಮೂವರಿಗೂ ಗೊತ್ತಿರಬೇಕಾಗುತ್ತದೆ. ಆದ್ದರಿಂದ ತಮ್ಮನ ಜೊತೆ ಕುಳಿತು ಮಾತಾಡಿ. ಯಾವ ಅಧಿಕಾರ ಏಕೆ ಕೊಟ್ಟಿಲ್ಲ ಎಂದು ಹೇಳಿ, ಪಾಡ್‌ಮ್ಯಾನ್ ತೋರಿಸಿ, ಅವನಿಗೆ ವರ್ಚುವಲ್ ಮಷೀನ್ ಒಂದನ್ನು ಮಾಡಿಕೊಡಿ. ಅದರೊಳಗೆ ಅವನು ರೂಟ್ ಆಗಿ ಏನು ಬೇಕಾದರೂ ಮುರಿದು ಕಟ್ಟಲಿ. ಕಲಿಯುವ ಆಸೆ ಇರುವ ಹುಡುಗನಿಗೆ ಬೇಡ ಎನ್ನುವುದಕ್ಕಿಂತ ಜಾಗ ಮಾಡಿಕೊಡುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹೊಂಗಿರಣ:
ತಮ್ಮನಿಗೆ ವರ್ಚುವಲ್ ಮಷೀನ್ ವಿಚಾರ ಹೇಳಿದೆ, ಅವನಿಗೆ ಬಹಳ ಹಿಡಿಸಿತು. ಅಮ್ಮನಿಗೂ ಯಾರ ಖಾತೆಯಿಂದ ಏನು ಕಾಣುತ್ತದೆ ಎಂದು ವಿವರಿಸಿದೆ. ತಮ್ಮ ಫೈಲ್‌ಗಳನ್ನು ಅಡ್ಮಿನ್ ಆದವರು ನೋಡಬಹುದು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಪ್ರಿಂಟರ್ ಸಾಲು ಮಾತ್ರ ಕೆಲಸ ಮಾಡುತ್ತಿಲ್ಲ. ವಿಸುಡೋ ಮೂಲಕವೇ ಬರೆದೆ, ಯಾವ ತಪ್ಪನ್ನೂ ತೋರಿಸಲಿಲ್ಲ. ಫೈಲಿಗೆ ಪ್ರಿಂಟರ್ ಡಾಟ್ ಕಾನ್ಫ್ ಎಂದು ಹೆಸರಿಟ್ಟಿದ್ದೇನೆ. ಅಮ್ಮನ ಖಾತೆಯಿಂದ ನಡೆಸಿದರೆ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟ ಮೇಲೆ ಸುಡೋಯರ್ಸ್‌ನಲ್ಲಿ ಹೆಸರಿಲ್ಲ ಎನ್ನುತ್ತದೆ.

ಬೆಳ್ಳಿಗೆರೆ:
ನಿಮ್ಮ ಸಾಲು ಸರಿಯಾಗಿಯೇ ಇರಬೇಕು, ಹೆಸರಿನಲ್ಲಿ ತೊಂದರೆ. ಸುಡೋಯರ್ಸ್ ಡಾಟ್ ಡಿ ಫೋಲ್ಡರಿನಲ್ಲಿ ಹೆಸರಿನೊಳಗೆ ಚುಕ್ಕಿ ಇರುವ, ಅಥವಾ ಟಿಲ್ಡೆ ಚಿಹ್ನೆಯಿಂದ ಮುಗಿಯುವ ಫೈಲ್‌ಗಳನ್ನು ಸುಡೋ ಓದದೆ ಬಿಟ್ಟುಬಿಡುತ್ತದೆ. ಎಡಿಟರ್‌ಗಳು, ಪ್ಯಾಕೇಜ್ ವ್ಯವಸ್ಥೆಗಳು ಬಿಟ್ಟುಹೋಗುವ ಹಳೆಯ ಪ್ರತಿಗಳು ಜಾರಿಗೆ ಬರದಿರಲಿ ಎಂದು ಈ ಏರ್ಪಾಡು. ಅದಕ್ಕೇ ಯಾವ ದೋಷವೂ ಕಾಣಲಿಲ್ಲ. ಚುಕ್ಕಿ ಮತ್ತು ಅದರ ನಂತರದ ಭಾಗವನ್ನು ತೆಗೆದು ಪ್ರಿಂಟರ್ ಎಂದಷ್ಟೇ ಹೆಸರಿಡಿ. ಅನುಮತಿ 0440 ಇರಲಿ. ಆಮೇಲೆ ನಿಮ್ಮ ಖಾತೆಯಿಂದ ಸುಡೋಗೆ ಸಣ್ಣ ಎಲ್ ಮತ್ತು ದೊಡ್ಡ ಯು ಆಯ್ಕೆಗಳನ್ನು ಕೊಟ್ಟು ಮುಂದೆ ಅಮ್ಮನ ಖಾತೆಯ ಹೆಸರು ಬರೆಯಿರಿ. ಅವರು ಯಾವ ಯಾವ ಕಮಾಂಡ್ ನಡೆಸಬಹುದು ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಕಪ್ಸ್ ರೀಸ್ಟಾರ್ಟಿನ ಒಂದೇ ಸಾಲು ಇದ್ದರೆ ಐಕಾನ್ ಇಟ್ಟು ನಿಶ್ಚಿಂತೆಯಿಂದ ಹೊರಡಿ.